ಮಾದೇವಿ ಅಕ್ಕನ ಪಟ್ಟಿ

ಪಟ್ಟಿ ಮಾಡುವ ದಿನ ಮಾದೇವಿ ಅಕ್ಕ ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ಬೆಳಗಿನಿಂದ ಫೋನಿನಲ್ಲೇ ಇರುತ್ತಿದ್ದರು. ಪಾಪಿರೆಡ್ಡಿಪಟ್ಟಿ ಕ್ಲಿನಿಕ್ಕಿನ ನರ್ಸನ್ನು ಹಿಡಿದು, "ಏನ್ ಸಿಸ್ಟರ್, ಈ ತಿಂಗ್ಳು ನಮ್ ಸಾಫ್ಟ್‌ವೇರ್ನಾಗೆ ಯಾವ್ದುನ್ನ ಬೈದೆ?" ಎಂದು ಕೇಳುವರು. ಬೈದದ್ದನ್ನೆಲ್ಲ ಬರೆದುಕೊಂಡು, ಪಟ್ಟಿಯಿಂದ ಅವನ್ನೇ ಹೊಡೆದುಹಾಕುವರು.

ಸೇಲಂನ ನಮ್ಮ ಪುಟ್ಟ ಆಫೀಸು ಹಳ್ಳಿ ಕ್ಲಿನಿಕ್ಕುಗಳಿಗೆ ಸಾಫ್ಟ್‌ವೇರ್ ಮಾಡುತ್ತದೆ. ಔಷಧಿ ಚೀಟಿಗೆ ಒಂದು ಪ್ಯಾಕೇಜು, ಹೆಸರು ಹುಡುಕಲು ಒಂದು, ಲಸಿಕೆಯ ದಿನ ನೆನಪಿಸಲು ಇನ್ನೊಂದು, ಹೀಗೆ ಇಪ್ಪತ್ತಕ್ಕೂ ಹೆಚ್ಚು. ಹೊಸ ಆವೃತ್ತಿ ಬಿಡುವ ಮುನ್ನ ಕಂಪ್ಯೂಟರೇ ತಾನಾಗಿ ತಪ್ಪು ಹುಡುಕುವಂತೆ ಪರೀಕ್ಷೆ ಬರೆದಿಡಬೇಕು. ನಾವಿದ್ದದ್ದು ಐದು ಜನ. ಪ್ರತಿ ಸಲ ಬದಲಾದ ಪ್ಯಾಕೇಜುಗಳಲ್ಲಿ ನಾಲ್ಕಕ್ಕಷ್ಟೇ ಪರೀಕ್ಷೆ ಬರೆಯಲು ಕೈ ಸಾಲುತ್ತಿತ್ತು. ಯಾವ ನಾಲ್ಕು ಎಂದು ಪಟ್ಟಿ ಮಾಡುವುದು ಅಕ್ಕನ ಕೆಲಸ.

"ಬೈಸ್ಕೊಳ್ಳೋದನ್ನ ಜನಾನೇ ನೋಡ್ಕೋತಾರೆ ಲಾ. ಕಣ್ಮುಚ್ಕೊಂಡು ನಂಬ್ತಾರಲ್ಲ, ಅದುಕ್ಕೆ ಟೆಸ್ಟ್ ಬೇಕು," ಎನ್ನುವರು. ಅಕ್ಕ ಕನ್ನಡ ಮಾತಾಡುವ ನೇಯ್ಗೆಯವರ ಮನೆಯ ಮಗಳು. ಆಫೀಸಿನವರಲ್ಲಿ ಉಳಿದವರೊಡನೆ ತಮಿಳು, ನನ್ನೊಡನೆ ಮಾತ್ರ ಮನೆಯ ಕನ್ನಡ.

ಒಮ್ಮೆ ಅವರು ರಜೆಯಲ್ಲಿದ್ದಾಗ ಪಟ್ಟಿ ನಾನು ಮಾಡಿದೆ. ಹೆಸರು ಹುಡುಕುವ ಪ್ಯಾಕೇಜು ನಾನೇ ಬರೆದದ್ದು, ಚಿಕ್ಕದು, ಅದನ್ನು ಬಿಟ್ಟೆ. ಕೊಳತ್ತೂರಿನ ಕ್ಲಿನಿಕ್ಕಿನಲ್ಲಿ ಅದು ಇಬ್ಬರು ಮಾದಮ್ಮಂದಿರನ್ನು ಒಬ್ಬಳೇ ಎಂದುಕೊಂಡು, ಒಬ್ಬಳ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಇನ್ನೊಬ್ಬಳ ಚೀಟಿಗೆ ಹಾಕಿತು. ಅಲ್ಲಿನ ನರ್ಸಿಗೆ ಮುಖದ ಗುರುತಿದ್ದುದರಿಂದ ಮಾತ್ರೆ ಕೈಗೆ ಹೋಗಲಿಲ್ಲ.

ಅಕ್ಕ ಬೈಯಲಿಲ್ಲ. ಮರುದಿನ ಬಸ್ಸು ಹತ್ತಿಸಿ ಕೊಳತ್ತೂರಿಗೆ ಕರೆದೊಯ್ದರು. ಕ್ಲಿನಿಕ್ಕಿನ ಬಾಗಿಲಲ್ಲಿ ನಿಲ್ಲಿಸಿ, "ಮಾದಮ್ಮಾ ಅಂತ ಕೂಗು ಲಾ," ಎಂದರು. ಕೂಗಿದೆ. ಬೆಂಚಿನಲ್ಲಿದ್ದ ಮೂವರು ಮುದುಕಿಯರು ಒಟ್ಟಿಗೆ ತಿರುಗಿದರು.

"ಯಾವ್ ಮಾದಮ್ಮ ಬೇಕ್ಲಾ ನಿಂಗೆ?" ಎಂದಳು ಒಬ್ಬಳು.

"ಎಣ್ಣು ನೋಡಾಕ್ ಬಂದಂಗೈತೆ. ಮೂರ್ ಜನಾನೂ ಒಪ್ಪಿದೀವಿ ಅನ್ನು," ಎಂದಳು ಪಕ್ಕದವಳು.

ಅಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ನಗು ಬರಲಿಲ್ಲ. ಅವರಲ್ಲಿ ಒಬ್ಬಳಿಗೆ ನಾನು ಏನು ಮಾಡಿಬಿಡುತ್ತಿದ್ದೆ ಎಂದು ಆಗ ತಿಳಿಯಿತು.

ಹೋದ ವರ್ಷ ಅಕ್ಕ ಹಾಸಿಗೆ ಹಿಡಿದರು. ಕೊನೆಯ ಸಲ ಪ್ಯಾಕೇಜುಗಳ ಹೆಸರು ಬರೆದುಕೊಂಡು ಅವರ ಮನೆಗೆ ಹೋದೆ. ಮೂರನ್ನು ತಾವೇ ಹೇಳಿದರು. ಮಾತು ಮಾತಿಗೂ ಉಸಿರು ಕಟ್ಟುತ್ತಿತ್ತು.

"ನಾಕ್ನೇದು ನೀನೇ ಆರಿಸ್ಲಾ. ಇನ್ಮೇಲೆ ನೀನೇ ತಾನೆ ಮಾಡ್ಬೇಕು."

ಅವರು ಬೇಗ ಮಲಗಲಿ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. "ಲಸಿಕೇದು, ಅಕ್ಕ."

"ಯಾರ್ನಾದ್ರೂ ಕೇಳ್ದಾ?"

"ಊಂ. ಮೂರ್ ಜನ ನರ್ಸ್‌ಗಳ್ನ ಕೇಳ್ದೆ."

ಯಾರನ್ನೂ ಕೇಳಿರಲಿಲ್ಲ.

ಅಕ್ಕನ ಮುಖ ಅರಳಿತು. "ಸೆರಿ. ಇನ್ ನಂಗ್ ಭಯ ಇಲ್ಲ," ಎಂದು ಗೋಡೆಯ ಕಡೆ ಹೊರಳಿದರು.

ಮೂರನೆಯ ದಿನ ತೀರಿಕೊಂಡರು. ಆಮೇಲೆ ನಡೆಸಿದ ಪರೀಕ್ಷೆಯಲ್ಲಿ ಲಸಿಕೆಯ ಪ್ಯಾಕೇಜಿನಲ್ಲಿ ನಿಜವಾಗಿಯೂ ಒಂದು ತಪ್ಪು ಸಿಕ್ಕಿತು. ಬಿಡುವ ಮುನ್ನವೇ ತಿದ್ದಿದೆವು. ಅಕ್ಕ ನಿನ್ನನ್ನು ಚೆನ್ನಾಗಿ ತಯಾರು ಮಾಡಿದ್ದಾರೆ ಎಂದು ಆಫೀಸಿನವರು ಹೊಗಳಿದರು. ನಾನು ತಲೆ ತಗ್ಗಿಸಿದೆ. ಸಂಕೋಚ ಎಂದುಕೊಂಡರು.