ಭಾವನ ಮೇಲೆ ದೂರು

ಕಾರ್ಮಿಕ ನ್ಯಾಯಾಲಯದಲ್ಲಿ ನ್ಯಾಯಾಧೀಶೆಯಾಗಿದ್ದಷ್ಟು ಕಾಲ ವಕೀಲರು ಬೆನ್ನ ಹಿಂದೆ ಅವರನ್ನು ‘ಆಮೇಲೆ ಮೇಡಂ’ ಎನ್ನುತ್ತಿದ್ದರು. ಯಾರು ಏನು ಹೇಳಿದರೂ ಅವರು ತಣ್ಣಗೆ “ಆಮೇಲೆ?” ಎಂದು ಕೇಳುವರು. ಸುಳ್ಳು ಕಟ್ಟಿಕೊಂಡು ಬಂದವನು ಅಲ್ಲಿಗೇ ತಡವರಿಸುವನು.

ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವರನ್ನು ಸಾಕಿದವಳು ಅಕ್ಕ, ಕಾನೂನು ಓದಿಸಿದವನು ಭಾವ. ಭಾವನಿಗೆ ಪೇಟೆಯಲ್ಲಿ ಎರಡು ಅಂತಸ್ತಿನ ಬಟ್ಟೆ ಅಂಗಡಿಯಿತ್ತು.

ನಿವೃತ್ತರಾದ ಮೇಲೆ ಅವರು ಮನೆಯ ಮುಂದಿನ ಕೋಣೆಯಲ್ಲೇ ಕಚೇರಿ ತೆರೆದು, ದುಡಿಯುವವರ ಪರವಾಗಿ ಮಾನವ ಹಕ್ಕುಗಳ ಆಯೋಗದ ಮುಂದೆ ವಾದಿಸತೊಡಗಿದರು. ಒಂದು ಬೆಳಿಗ್ಗೆ ತುಂಬು ಬಸುರಿಯೊಬ್ಬಳು ಬಂದಳು. ಕಾಲು ಬಾತಿದ್ದವು. ಬಟ್ಟೆ ಅಂಗಡಿಯೊಂದರಲ್ಲಿ ಮಾರಾಟದ ಕೆಲಸ. ಗಿರಾಕಿಗಳ ಸ್ಟೂಲಿನ ಮೇಲೆ ಒಂದು ಗಳಿಗೆ ಕೂತಿದ್ದಕ್ಕೆ ಅವಳನ್ನು ಕೆಲಸದಿಂದ ತೆಗೆದಿದ್ದರು.

“ಯಾವ ಅಂಗಡಿ?”

ಅವಳು ನೆಲ ನೋಡಿದಳು. “ನಿಮ್ಮ ಭಾವನವರದ್ದೇ. ಬೇರೆ ವಕೀಲರು ಅದರ ತಂಟೆ ಬೇಡ ಅಂದ್ರು.”

ಅದೇ ಸಂಜೆ ಅವರು ಅಂಗಡಿಯ ಮಹಡಿ ಹತ್ತಿದರು. ಹುಡುಗಿಯರು ಕಪಾಟಿನ ಅಂಚಿಗೆ ಒರಗಿ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ ನಿಂತಿದ್ದರು. ಎಷ್ಟೋ ವರ್ಷ ಇಲ್ಲೇ ಮೆತ್ತನೆಯ ಕುರ್ಚಿಯಲ್ಲಿ ಕೂತು ಬಟ್ಟೆ ಆರಿಸಿದ್ದರೂ ಇದು ತಮ್ಮ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಅಲ್ಲಿಂದ ನೇರವಾಗಿ ಅಕ್ಕನ ಮನೆಗೆ ಹೋದರು. “ಅವಳನ್ನ ವಾಪಸ್ ಕರೀಲಿ, ಎಲ್ಲರಿಗೂ ಕುರ್ಚಿ ಹಾಕಿಸಲಿ. ಇಲ್ಲಾಂದ್ರೆ ದೂರು ಕೊಡ್ತೀನಿ ಅಕ್ಕ.”

“ನಮ್ಮನೆ ಅನ್ನ ಉಂಡು ನಮ್ಮ ಮೇಲೇನಾ?”

“ಹೂಂ. ಅದಕ್ಕೇ ಮೊದಲು ಬಂದು ಹೇಳ್ತಿದೀನಿ.”

ಒಳಗಿನಿಂದಲೇ ಭಾವ ಕೂಗಿ ಹೇಳಿದ: “ಕೂರಿಸಿದ್ರೆ ಗೊರಕೆ ಹೊಡೀತಾರೆ. ಏನ್ ಬೇಕೋ ಮಾಡ್ಕೋ.”

ಆಯೋಗದ ಮುಂದೆ ಅವರು ಭಾವನನ್ನು ಕೇಳಿದ ಪ್ರಶ್ನೆ ಸಣ್ಣದು. “ಅಂಗಡೀಲಿ ನೀವೆಲ್ಲಿರ್ತೀರಿ?”

“ಗಲ್ಲಾದಲ್ಲಿ.”

“ನಿಂತೋ, ಕೂತೋ?”

ಭಾವ ಕನ್ನಡಕ ತೆಗೆದು ಒರೆಸಿಕೊಂಡ. “ಕೂತೇ.”

“ಗೊರಕೆ ಹೊಡೆದದ್ದುಂಟಾ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ಹೆಂಗಸನ್ನು ಕೆಲಸಕ್ಕೆ ಮರಳಿ ಸೇರಿಸಿಕೊಂಡು, ಎಲ್ಲರಿಗೂ ಕೂರಲು ವ್ಯವಸ್ಥೆ ಮಾಡಬೇಕೆಂದು ಆಯೋಗ ಆದೇಶಿಸಿತು. ಭಾವ ಮುಖ ಗಂಟಿಕ್ಕಿಕೊಂಡೇ ಕುರ್ಚಿ ತರಿಸಿದ. ಅಕ್ಕ ಮಾತು ಬಿಟ್ಟಳು. ತಂಗಿ ಮಾತ್ರ ಎಂದಿನಂತೆ ಭಾನುವಾರಗಳಲ್ಲಿ ಹೋಗುತ್ತಿದ್ದರು. ಅಕ್ಕ ಬಾಗಿಲು ತೆರೆದು ಬಡಿಸುತ್ತಿದ್ದಳು, ಅವರು ಉಂಡು ಬರುತ್ತಿದ್ದರು.

ವರ್ಷ ಕಳೆದ ಮೇಲೆ ಒಂದು ಭಾನುವಾರ ಅವರು ಉಣ್ಣುತ್ತಿದ್ದಾಗ ಭಾವ ತಾನಾಗಿ ಬಂದು ಎದುರಿಗೆ ಕೂತ. “ನನ್ನೊಬ್ಬನ ಮೇಲೇನಾ ನಿನ್ನ ಕಣ್ಣು? ಎದುರಿನ ಅಂಗಡಿಯವರು ಒಂದು ಕುರ್ಚೀನೂ ಹಾಕ್ದೆ ನನ್ನ ನೋಡಿ ನಗ್ತಿದಾರೆ.”

“ಪೂರ್ತಿ ಬೀದಿ ಮೇಲೆ ದೂರು ಸಿದ್ಧವಾಗಿದೆ ಭಾವ. ಕುರ್ಚಿ ಹಾಕಿದ್ರೆ ವ್ಯಾಪಾರ ಕೆಡಲ್ಲ ಅಂತ ಹೇಳೋಕೆ ಒಬ್ಬ ಸಾಕ್ಷಿ ಬೇಕಿತ್ತು.”

ಭಾವ ಯೋಚಿಸಿದ. “ಕೆಟ್ಟಿಲ್ಲ, ನಿಜ. ಬರ್ತೀನಿ.”

“ನ್ಯಾಯಕ್ಕಲ್ಲ ಕಣೆ, ಹೊಟ್ಟೆಕಿಚ್ಚಿಗೆ ಬರ್ತಿರೋದು,” ಎಂದಳು ಅಕ್ಕ, ತಂಗಿಯ ಕಡೆ ತಿರುಗಿ.