ಮೂಗಿನಲ್ಲಿ ಉರಿಯುವ ಸಿಟ್ಟು

ಜಯನಗರ ಆಗಿನ್ನೂ ಅರ್ಧ ಬಡಾವಣೆ, ಅರ್ಧ ಬಯಲು. ಸಂಜೆಯಾದರೆ ಯಡಿಯೂರು ಕೆರೆ ಕಡೆಯ ಕಪ್ಪೆಗಳ ವಟವಟ ಬಿಟ್ಟರೆ ಬೇರೆ ಮಾತೇ ಇಲ್ಲ. ನಮ್ಮನೇಲಂತೂ ಮೊದಲೇ ಇರಲಿಲ್ಲ. ಅಮ್ಮ ಹೋದಮೇಲೆ ಉಳಿದವರು ನಾನು, ನಮ್ಮಪ್ಪ. ಅವರನ್ನ ಅಣ್ಣ ಅಂತಲೇ ಕರೀತಿದ್ದೆ. ಹೆಣ್ಣು ನೋಡೋಕೆ ಬಂದವರ ಮುಂದೆ ಹಾಡು ಹೇಳಲ್ಲ ಅಂತ ನಾನು ಎದ್ದು ಹೋದ ದಿನದಿಂದ ಅಣ್ಣ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಹಾಡದೇ ಇದ್ದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ. ಆ ಗಂಡಿನ ಮುಖಕ್ಕೆ ಹಾಡು ಬೇರೆ ಕೇಡು.

ಮಾತು ಬಿಟ್ಟವರು ಬೇರೆ ಮನೆಗಳಲ್ಲಾದರೆ ಮೂರನೆಯವರ ಕೈಲಿ ಹೇಳಿಸ್ತಾರೆ. ನಮ್ಮಲ್ಲಿ ಮೂರನೆಯವರೆಲ್ಲಿ? ಅಣ್ಣ ಅಡುಗೆಮನೆ ಬಾಗಿಲಿಗೆ ಹೇಳೋರು, ನಲ್ಲೀಲಿ ನೀರು ಬಂತು ಅಂತ, ರಾತ್ರಿ ಊಟ ಬೇಡ ಅಂತ. ನಾನೇನು ಕಮ್ಮಿ, ಬಾಗಿಲಿಗೇ ಉತ್ತರ ಕೊಡ್ತಿದ್ದೆ. ಒಳಗೆ ಹೋಗಿ ಸೆರಗಲ್ಲಿ ಕಣ್ಣೊರೆಸಿಕೊಳ್ತಿದ್ದದ್ದು ಬೇರೆ ಮಾತು.

ಪಕ್ಕದ ಕ್ರಾಸಿನಲ್ಲಿ ರಿಟೈರಾದ ಪಾದ್ರಿ ಮೇಷ್ಟ್ರೊಬ್ಬರಿದ್ದರು. ಬೈಬಲ್ ಕಾಲದ ಹಳೇ ಹೀಬ್ರೂ ಭಾಷೆ ಕಲಿಸಿದವರು. ಅವರ ಪಾಠಗಳನ್ನ ನಾನು ಟೈಪ್ ಮಾಡಿಕೊಡ್ತಿದ್ದೆ. ಒಂದಿನ ಸಿಟ್ಟಿನ ಪಾಠ ಬಂತು. ಆ ಕಾಲದ ಜನಕ್ಕೆ ಸಿಟ್ಟು ಬಂದರೆ ಮೂಗು ಉರಿಯುತ್ತಂತೆ. ತಾಳ್ಮೆ ಇರೋನು ಉದ್ದ ಮೂಗಿನವನಂತೆ. ಕನಿಕರ ಹುಟ್ಟೋದು ತಾಯಿಯ ಬಸಿರಿನಲ್ಲಂತೆ. ನೊಂದವನಿಗಾದರೆ ಮುಖವೇ ಕೆಳಗೆ ಬಿದ್ದುಹೋಗುತ್ತಂತೆ. ನಮ್ಮಣ್ಣನಿಗೂ ಕೋಪ ಮೂಗಿನ ತುದೀಲೇ ಸಾರ್, ಅಂದೆ. ಮೇಷ್ಟ್ರು ನಗಲಿಲ್ಲ.

"ಅವರ ಮುಖ ಸರಿಯಾಗಿ ನೋಡಿದ್ದೀಯೇನಮ್ಮ?"

ನೋಡಿರಲಿಲ್ಲ. ಮಾತು ಬಿಟ್ಟವರ ಮುಖ ಯಾರು ನೋಡ್ತಾರೆ? ಆ ಸಂಜೆ ಕಾಫಿ ಇಡುವಾಗ ನೋಡಿದೆ. ಮೂಗಿನ ಹೊಳ್ಳೆ ಅದುರಲಿಲ್ಲ, ಉಸಿರೂ ಮೆತ್ತಗಿತ್ತು. ಮುಖ ಮಾತ್ರ ಜೋತುಬಿದ್ದಿತ್ತು, ಕೆನ್ನೆ ಒಳಗೆ ಹೋಗಿತ್ತು. ಇವರಿಗೆ ಯಾವಾಗ ಇಷ್ಟು ವಯಸ್ಸಾಯ್ತು ಅನ್ನಿಸಿ ಕರುಳು ಚುರುಕ್ ಅಂತು. ಬಾಗಿಲೂ ಬೇಡ ಗೀಗಿಲೂ ಬೇಡ ಅಂತ ನೇರವಾಗಿ ಕೇಳಿಯೇಬಿಟ್ಟೆ.

"ಅಣ್ಣ, ಇನ್ನೂ ಸಿಟ್ಟಾ?"

ಲೋಟ ಕೆಳಗಿಟ್ಟರು.

"ಸಿಟ್ಟು ಆ ವಾರವೇ ಹೋಯ್ತಮ್ಮ. ಮತ್ತೆ ಮಾತು ಹೇಗೆ ಶುರು ಮಾಡೋದು ಅಂತ ಗೊತ್ತಾಗ್ಲಿಲ್ಲ."

ಆ ವಾರವೇ ಅಂತೆ! ಅದಾದಮೇಲೆ ಎರಡು ದೀಪಾವಳಿ ಬಂದು ಹೋಗಿದ್ದವು. ಎರಡರಲ್ಲೂ ಒಂದೇ ಮನೇಲಿ, ಒಂದೇ ಬಟ್ಟಲಿನ ಎಣ್ಣೆಯನ್ನ, ಅವರ ತಲೆಗೆ ಅವರು, ನನ್ನ ತಲೆಗೆ ನಾನು ಹಚ್ಚಿಕೊಂಡಿದ್ದೆವು.