ಗೇಟ್ ಆಂಟಿಯ ಅಭಿಪ್ರಾಯ

ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿ ಅವಳಿಗೆ ಹತ್ತೊಂಬತ್ತು ವರ್ಷವಾಗಿತ್ತು. ಎಲ್ಲರ ಬಾಯಲ್ಲೂ ಅವಳು ಗೇಟ್ ಆಂಟಿ. ಹದಿಹರೆಯದ ಜೋಡಿಯೊಂದರ ಪ್ರೇಮಕಥೆ ನಾಲ್ಕು ಭಾಗಗಳಲ್ಲಿ ತೆರೆಗೆ ಬಂದಿತ್ತು. ಮೊದಲ ಮೂರನ್ನೂ ಅವಳು ಬಾಗಿಲಿಗೆ ಒರಗಿ ನಿಂತೇ ಲೆಕ್ಕವಿಲ್ಲದಷ್ಟು ಸಲ ನೋಡಿದ್ದಳು.

ಕೊನೆಯ ಭಾಗದ ಮೊದಲ ಆಟವನ್ನೂ ಹಾಗೆಯೇ ನೋಡಿದಳು. ಅದು ಮುಗಿದಾಗ ಹುಡುಗಿಯರ ಹಿಂಡು ಕಣ್ಣು ಕೆಂಪಗೆ ಮಾಡಿಕೊಂಡು ಹೊರಬಂತು. ನಾಯಕಿ ಮದುವೆಯ ಮಾತನ್ನು ಮುಂದೂಡಿ, ಓದಲು ದೂರದ ಊರಿಗೆ ಹೊರಟುಬಿಟ್ಟಿದ್ದಳು. ಮೈಕು ಹಿಡಿದಿದ್ದ ಚಾನೆಲ್‌ನವನ ಮುಂದೆ ಒಬ್ಬಳು, "ಬರೀ ಮೋಸ! ಇಷ್ಟು ವರ್ಷ ಕಾದಿದ್ದು ಇದಕ್ಕಾ?" ಎಂದು ಹರಿಹಾಯ್ದಳು.

ಗೇಟ್ ಆಂಟಿಗೆ ತಡೆಯಲಾಗಲಿಲ್ಲ. "ಮೋಸ ಎಲ್ಲಿಂದ ಬಂತಮ್ಮಾ?"

ಚಾನೆಲ್‌ನವನು ನಕ್ಕ. "ಇದು ಹುಡುಗೀರ ಸಿನಿಮಾ ಆಂಟಿ, ನಿಮಗೇನು ಗೊತ್ತಾಗುತ್ತೆ?"

"ಮೊದಲನೇ ಭಾಗದಲ್ಲಿ ಯಾವ ಐಸ್‌ಕ್ರೀಮ್ ಬೇಕು ಅಂತ ಕೇಳಿದ್ರೂ ಆ ಹುಡುಗಿ ಅವನ ಮುಖ ನೋಡ್ತಿದ್ಳು. ಎರಡನೇದ್ರಲ್ಲಿ ಅವನಿಗೆ ಇಷ್ಟ ಇಲ್ಲ ಅಂತ ಹಾಡೋದೇ ಬಿಟ್ಳು. ಇವತ್ತು ತಾನೇ ಹೋಗಿ ರೈಲಿನ ಟಿಕೆಟ್ ತಗೊಂಡ್ಳು. ಅವನೂ ಮುನಿಸಿಕೊಳ್ಳದೆ ಪೆಟ್ಟಿಗೆ ಹೊತ್ಕೊಂಡು ಬಂದು ಕಳಿಸಿಕೊಟ್ಟ. ಪ್ರೀತಿ ಗೆದ್ದಿದ್ದು ಅಲ್ಲೇ ಅಲ್ವಾ?"

ಹರಿಹಾಯ್ದಿದ್ದವಳೇ ಮೂಗೊರೆಸಿಕೊಂಡು, "ಅಯ್ಯೋ, ಹೌದಲ್ವೇನ್ರೇ!" ಎಂದಳು. ಮೆಟ್ಟಿಲ ಮೇಲೆಲ್ಲ ಚಪ್ಪಾಳೆಯೋ ಚಪ್ಪಾಳೆ. ಚಾನೆಲ್‌ನವನು ತೆಪ್ಪಗೆ ಮೈಕನ್ನು ಗೇಟ್ ಆಂಟಿಯ ಹತ್ತಿರ ತಂದು, "ಇನ್ನೊಂದ್ಸಲ ಹೇಳಿ ಮೇಡಂ" ಎಂದ.

ಸಂಜೆಯ ಸುದ್ದಿಯಲ್ಲಿ ಉಳಿದವರ ಮಾತಿಗೆಲ್ಲ ಕತ್ತರಿ ಬಿದ್ದು, ಅವಳದೊಂದೇ ಪೂರ್ತಿಯಾಗಿ ಬಂತು. ಮಾರನೆಯ ದಿನ ಹುಡುಗಿಯರು ಅರ್ಧ ಗಂಟೆ ಮುಂಚೆಯೇ ಬಂದು ಅವಳನ್ನು ಮುತ್ತಿಕೊಂಡರು. "ಆಂಟಿ, ಮೂರನೇ ಭಾಗ ನಿಮಗೆ ಹೇಗನ್ನಿಸ್ತು?"

"ಅದಾ? ಅದರಲ್ಲಿ ಅರ್ಧ ದಂಡ," ಎಂದು ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶುರುಮಾಡಿದಳು.